ಮಗಳಿಗೊಂದು ಪತ್ರ: ಮೊದಲು ಪರದೆ ನೋಡವ್ವ

ಗದಗ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಆರಾಮ ಇದ್ದೇವೆ. ನಿಮ್ಮವ್ವನ ಮೊಣಕಾಲು ನೋವು ಕಡಿಮೆಯಾಗಿದೆ. ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅಳು ನುಂಗಿಕೊಂಡು ಮಾತಾಡಿದ್ದು ನನಗೆ ತಿಳಿಯಿತು. ಲಕ್ಕುಂಡಿಯ ಮುಸುಕಿನ ಬಾವಿಯ ಚಿತ್ರ ಅರ್ಧಕ್ಕೆ ಬಂದಾಗ ಲ್ಯಾಪ್‌ಟಾಪು ಸ್ತಬ್ಧವಾಗಿ ನಿಂತು, ಮೂರು ತಾಸಿನ ಕೆಲಸ ಹೋಯಿತು ಅಂದೆ. ಆ ಮಾತು ಕೇಳಿದಾಗಿನಿಂದ ನನಗೂ ಸಮಾಧಾನವಿಲ್ಲ. ಹೊಸದು ತಗೊಳ್ಳೋಣ. ಚೀಟಿಯ ದುಡ್ಡು ಈ ತಿಂಗಳು ಕೈಗೆ ಬಂದಿದೆ, ಅದರಲ್ಲಿ ಒಂದು ಲಕ್ಷದ ಹತ್ತು ಸಾವಿರವನ್ನು ಇದಕ್ಕೆಂದೇ ತೆಗೆದಿಟ್ಟಿದ್ದೇವೆ. ಇದು ಸಾಲ ಅಲ್ಲ, ಆ ಚಿಂತೆ ನಿನಗೆ ಬೇಡ.

ಆದರೆ ನೀನು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಮೂರೂ ಲ್ಯಾಪ್‌ಟಾಪುಗಳ ಚೀಟಿ ಓದಿದ ಮೇಲೆ ಈ ಪತ್ರ ಬರೆಯಲೇಬೇಕು ಅನಿಸಿತು. ಪ್ರೊಸೆಸರ್ ಯಾವುದು, ಎಷ್ಟು ಕೋರು, ಗ್ರಾಫಿಕ್ಸ್ ಕಾರ್ಡು ಯಾವುದು, ಕೀಬೋರ್ಡಿನಲ್ಲಿ ಎಷ್ಟು ಬಣ್ಣದ ದೀಪ ಎಲ್ಲಾ ಬರೆದಿದೆ. ಪರದೆಯ ಬಗ್ಗೆ ಮಾತ್ರ ‘ಫುಲ್ ಎಚ್‌ಡಿ, 144 ಹರ್ಟ್ಜ್’ ಅಂತ ಒಂದೇ ಸಾಲು. ಬಣ್ಣ ಎಷ್ಟು ತೋರಿಸುತ್ತದೆ ಅನ್ನುವುದು ಮೂರರಲ್ಲೂ ಇಲ್ಲ. ಚಿತ್ರ ಬರೆಯುವವಳಿಗೆ ಮೊದಲು ಬೇಕಾದದ್ದೇ ಅದಲ್ಲವೇನವ್ವ?

ನಿನಗೆ ಗೊತ್ತು, ಫ್ಲೆಕ್ಸ್ ಬರುವ ಮುಂಚೆ ನಾನು ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದೆ. ದಾರಕ್ಕೆ ಚಾಕ್‌ಪೀಸಿನ ಪುಡಿ ಹಚ್ಚಿ, ಎರಡೂ ತುದಿ ಹಿಡಿದು ಮೀಟಿ ಗೆರೆ ಹೊಡೆಯುವುದರಿಂದ ದಿನ ಶುರುವಾಗುತ್ತಿತ್ತು. ನನಗೆ ಕೆಲಸ ಕಲಿಸಿದ ಗುರುಗಳು ಬಣ್ಣದ ಡಬ್ಬಿಯನ್ನು ಅಂಗಡಿಯೊಳಗೆ ತೆರೆಯಲು ಬಿಡುತ್ತಿರಲಿಲ್ಲ. ಹೊರಗೆ ಬಿಸಿಲಿಗೆ ಒಯ್ದು, ಹಳೆ ತಗಡಿನ ಚೂರಿನ ಮೇಲೆ ಒಂದು ಪಟ್ಟಿ ಎಳೆದು ನೋಡಿಯೇ ಬೆರೆಸಬೇಕು. ಟ್ಯೂಬ್‌ಲೈಟಿನ ಕೆಳಗೆ ಬೆರೆಸಿದ ಕೆಂಪು ಬಜಾರದ ಬಿಸಿಲಿನಲ್ಲಿ ಬೇರೆಯೇ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಪಾಠ ಕಲಿತ ನಾನೇ ಕಂಪ್ಯೂಟರಿನ ಮುಂದೆ ಕೂತಾಗ ಅದನ್ನು ಮರೆತೆ.

ನೀನು ಸಣ್ಣವಳಿದ್ದಾಗಿನ ಮಾತು. ಬೆಟಗೇರಿಯ ಸೀರೆ ಅಂಗಡಿಯೊಂದರ ದೊಡ್ಡ ಬ್ಯಾನರಿನ ಕೆಲಸ ಬಂದಿತ್ತು. ಆಗಷ್ಟೇ ಕೊಂಡ ಲ್ಯಾಪ್‌ಟಾಪಿನಲ್ಲಿ ದಾಳಿಂಬೆ ಕೆಂಪಿನ ಸೀರೆಯನ್ನು ಎರಡು ದಿನ ಕೂತು ತಿದ್ದಿದೆ. ಅದರ ಪರದೆ ಟಿಎನ್ ಪ್ಯಾನೆಲ್ಲಿನದು. ತಲೆ ಸ್ವಲ್ಪ ಮೇಲೆತ್ತಿದರೆ ಒಂದು ಬಣ್ಣ, ತಗ್ಗಿಸಿದರೆ ಇನ್ನೊಂದು. ನಾನು ಕೂತ ಭಂಗಿಗೆ ಚೆಂದ ಕಂಡದ್ದನ್ನೇ ಸರಿ ಎಂದುಕೊಂಡೆ. ಪ್ರಿಂಟಾಗಿ ಬಂದಾಗ ದಾಳಿಂಬೆ ಕೆಂಪು ಹೋಗಿ ಇಟ್ಟಂಗಿ ಬಣ್ಣವಾಗಿತ್ತು. ಅಂಗಡಿಯವರು ಬೈಯಲಿಲ್ಲ, ನಿಜವಾದ ಸೀರೆಯನ್ನು ತಂದು ಬ್ಯಾನರಿನ ಪಕ್ಕ ಹಿಡಿದು ಸುಮ್ಮನೆ ನಿಂತರು. ಎಲ್ಲವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆ. ದುಡ್ಡು ಹೋದದ್ದು ಮರೆತುಹೋಯಿತು. ಎರಡು ದಿನ ನನ್ನ ಕಣ್ಣು ಸುಳ್ಳನ್ನು ನೋಡಿ ನಿಜವೆಂದು ನಂಬಿತ್ತಲ್ಲ, ಅದು ಇವತ್ತಿಗೂ ಮರೆತಿಲ್ಲ.

ನಿನ್ನ ವಯಸ್ಸಿನಲ್ಲಿ ಕಣ್ಣು ಇನ್ನೂ ತಯಾರಾಗುತ್ತಿರುತ್ತದೆ. ದಿನಕ್ಕೆ ಎಂಟು ತಾಸು ಯಾವ ಪರದೆ ನೋಡುತ್ತೀಯೋ ಆ ಪರದೆಯೇ ನಿನಗೆ ಬಣ್ಣ ಕಲಿಸುತ್ತದೆ. ಮುಸುಕಿನ ಬಾವಿಯನ್ನೇ ನೆನಪಿಸಿಕೋ. ಬಳಪದ ಕಲ್ಲು ಬಿಸಿಲು ಬಿದ್ದಲ್ಲಿ ಹಸಿರುಗಪ್ಪು, ನೆರಳಿನಲ್ಲಿ ನೀಲಿಗಪ್ಪು, ನೀರಿನ ಹತ್ತಿರದ ಮೆಟ್ಟಿಲುಗಳಲ್ಲಿ ಪಾಚಿಯ ಬಣ್ಣ. ಆ ಗೂಡುಗಳ ಒಳಗಿನ ಕತ್ತಲೆಯಲ್ಲೂ ಮೂರು ನಾಲ್ಕು ಬಗೆಯ ಕತ್ತಲೆಯಿದೆ. ನೀನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಅದನ್ನು ಹಿಡಿದದ್ದು ನಾನು ನೋಡಿದ್ದೇನೆ. ಅಗ್ಗದ ಪರದೆಯಲ್ಲಿ ಅಷ್ಟೂ ಸೇರಿ ಒಂದೇ ಬೂದಿ ಬಣ್ಣವಾಗುತ್ತದೆ. ಆಗ ನೀನು ಕಾಣದ್ದನ್ನು ಕಾಣಿಸಲು ಬಣ್ಣ ಹೆಚ್ಚು ಸುರಿಯುತ್ತೀ, ಅದೇ ಚಿತ್ರ ಒಳ್ಳೆಯ ಪರದೆಯ ಮೇಲೆ ಕಣ್ಣಿಗೆ ಚುಚ್ಚುತ್ತದೆ.

ಚೀಟಿಯಲ್ಲಿ ‘45 ಶೇಕಡಾ ಎನ್‌ಟಿಎಸ್‌ಸಿ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎನ್‌ಟಿಎಸ್‌ಸಿ ಅಂದರೆ 1953ರಲ್ಲಿ ಅಮೆರಿಕದ ಬಣ್ಣದ ಟಿವಿಗೆಂದು, ಎಷ್ಟು ಬಣ್ಣ ತೋರಿಸಬಹುದು ಎಂದು ಹೇಳಲು ಮಾಡಿದ ಅಳತೆ. ಅದರ 45 ಅಂದರೆ, ನಾವೆಲ್ಲ ಇವತ್ತು ಬಳಸುವ ಎಸ್‌ಆರ್‌ಜಿಬಿ ಅಳತೆಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ಉಳಿದ ಬಣ್ಣ ಆ ಪರದೆಗೆ ತೋರಿಸಲು ಬರುವುದೇ ಇಲ್ಲ. ‘72 ಶೇಕಡಾ ಎನ್‌ಟಿಎಸ್‌ಸಿ’ ಅಥವಾ ‘100 ಶೇಕಡಾ ಎಸ್‌ಆರ್‌ಜಿಬಿ’ ಅಂತಿದ್ದರೆ ನಮಗೆ ಸಾಕು, ಎರಡೂ ಹೆಚ್ಚುಕಡಿಮೆ ಒಂದೇ. ಏನೂ ಬರೆಯದೆ ಬಿಟ್ಟಿದ್ದರೆ 45ರದ್ದೇ ಇರಬಹುದೆಂದು ತಿಳಿದುಕೊಂಡು ಕೇಳು. ನೀನು ಕಳಿಸಿದ ಎರಡನೆಯದಕ್ಕೆ ಒಂದೇ ಹೆಸರಿನಲ್ಲಿ ಎರಡು ತರಹದ ಪರದೆ ಬರುತ್ತವೆ. ಅಂಗಡಿಯವರು ಮಾಡೆಲ್ಲಿನ ಹೆಸರಷ್ಟೇ ಹೇಳುತ್ತಾರೆ, ಡಬ್ಬಿಯ ಮೇಲಿನ ಪೂರ್ತಿ ನಂಬರ್ ನೋಡಿ ಕಂಪನಿಯ ಪುಟದಲ್ಲಿ ತಾಳೆ ಮಾಡಬೇಕು.

ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಓಎಲ್ಇಡಿ ಪರದೆಯ ಆಸೆ ನಿನಗಿದೆ, ಗೊತ್ತು. ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ, ಬಣ್ಣವೂ ಧಾರಾಳ. ಆದರೆ ನೀನು ಚಿತ್ರ ಬರೆಯುವ ಫೋಟೋಶಾಪ್, ಕೃತಾ ಸಾಫ್ಟ್‌ವೇರುಗಳ ಪಟ್ಟಿಗಳು ದಿನವಿಡೀ ಒಂದೇ ಜಾಗದಲ್ಲಿ ನಿಂತಿರುತ್ತವೆ. ಹೀಗೆ ವರ್ಷಗಟ್ಟಲೆ ನಿಂತರೆ ಅವುಗಳ ಗುರುತು ಪರದೆಯ ಮೇಲೆ ಉಳಿಯುವ ಭಯವಿದೆ. ಬೆಳಕು ಕಡಿಮೆ ಮಾಡಿದಾಗ ಕೆಲವು ಓಎಲ್ಇಡಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುತ್ತವೆ, ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ನಿನಗೆ ಮೊದಲೇ ತಲೆಶೂಲೆ. ನನ್ನ ಮನಸ್ಸು ಒಳ್ಳೆಯ ಐಪಿಎಸ್ ಪರದೆಯ ಕಡೆಗೇ ಇದೆ, ಅದರಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ಪರದೆ ಆದ ಮೇಲೆ ರ್‍ಯಾಮ್. ತೆರೆದಿರುವ ಕೆಲಸವನ್ನು ಲ್ಯಾಪ್‌ಟಾಪು ಹಿಡಿದಿಟ್ಟುಕೊಳ್ಳುವ ಜಾಗ ಅದು. ಅದು ಸಾಲದೆ ಹೋದದ್ದೇ ನಿನ್ನ ಮೂರು ತಾಸಿನ ಕೆಲಸ ನುಂಗಿರಬೇಕು. ಲೆಕ್ಕ ಹಾಕಿ ನೋಡಿದೆ. ಎ3 ಅಳತೆಯ ಹಾಳೆ 300 ಡಿಪಿಐಗೆ ಅಂದರೆ 3508 ಗುಣಿಲೆ 4961 ಪಿಕ್ಸೆಲ್, ಒಟ್ಟು ಒಂದು ಕೋಟಿ 74 ಲಕ್ಷ. ಒಂದೊಂದಕ್ಕೆ ನಾಲ್ಕು ಬೈಟಿನಂತೆ ಪೂರ್ತಿ ತುಂಬಿದ ಒಂದು ಲೇಯರಿಗೆ, ಅಂದರೆ ಚಿತ್ರದ ಒಂದು ಪದರಕ್ಕೆ, ಸುಮಾರು 70 ಎಂಬಿ. ನಿನ್ನ ಚಿತ್ರದಲ್ಲಿ ನಲವತ್ತು ಲೇಯರ್ ಇದ್ದವು ಅಂದೆ. 2.8 ಜಿಬಿ ಅಲ್ಲಿಗೇ ಆಯಿತು. 16 ಬಿಟ್‌ನಲ್ಲಿ ಬರೆದರೆ ಅದು ಎರಡು ಪಟ್ಟು. ಮೇಲೆ ಅನ್‌ಡೂ ಮಾಡಲು ಹಿಂದಿನ ಹೆಜ್ಜೆಗಳನ್ನೂ ಅದು ನೆನಪಿಟ್ಟುಕೊಳ್ಳಬೇಕು, ವಿಂಡೋಸಿಗೆ, ಬ್ರೌಸರಿಗೆ ಅವುಗಳ ಪಾಲು ಕೊಡಬೇಕು. ಎಂಟು ಜಿಬಿಯ ನಿನ್ನ ಹಳೇ ಲ್ಯಾಪ್‌ಟಾಪು ಇಷ್ಟು ದಿನ ಎಳೆದದ್ದೇ ದೊಡ್ಡದು. 16 ಜಿಬಿಗಿಂತ ಕಡಿಮೆ ಬೇಡವೇ ಬೇಡ, 32 ಆದರೆ ಒಳ್ಳೆಯದು. ಈಗ 16 ತಗೊಂಡು ಆಮೇಲೆ ಹಾಕಿಸುವುದಾದರೆ ಒಳಗೆ ಖಾಲಿ ಸ್ಲಾಟ್ ಇರಲೇಬೇಕು. ತೆಳ್ಳಗಿನ ಬಹಳ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಕಾರ್ಡಿನ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡ. ಬರೀ ಚಿತ್ರ ಬರೆಯಲು ದೊಡ್ಡ ಕಾರ್ಡಿನ ಹಂಗಿಲ್ಲ. ನಿನಗೆ ಬೇಕಾಗುವುದು 3ಡಿ ದೃಶ್ಯ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರಿಗೆ. ಬಾವಿಯ ಮೆಟ್ಟಿಲು ಇಳಿಯುವ ಆ ಹತ್ತು ಸೆಕೆಂಡಿನ ದೃಶ್ಯಕ್ಕೆ ಸೆಕೆಂಡಿಗೆ 24ರಂತೆ 240 ಫ್ರೇಮು. ರೆಂಡರ್ ಮಾಡಲು, ಅಂದರೆ ಪೂರ್ತಿ ಚಿತ್ರವಾಗಿ ತಯಾರಾಗಲು, ಒಂದೊಂದಕ್ಕೆ ಆರು ನಿಮಿಷ ಹಿಡಿಯಿತು ಅಂದೆ, ಅಲ್ಲಿಗೆ ಪೂರಾ ಒಂದು ಹಗಲು ಒಂದು ರಾತ್ರಿ. ಒಳ್ಳೆಯ ಎನ್‌ವಿಡಿಯಾ ಕಾರ್ಡಿದ್ದರೆ ಆ ಕಾಯುವಿಕೆ ಬಹಳ ಇಳಿಯುತ್ತದೆ. ಆರ್‌ಟಿಎಕ್ಸ್ 4050ರಲ್ಲಿ 6 ಜಿಬಿ, 4060ರಲ್ಲಿ 8 ಜಿಬಿ ಅದರದ್ದೇ ಮೆಮೊರಿ ಇರುತ್ತದೆ. ನಿನ್ನ ಕಲ್ಲಿನ ಟೆಕ್ಸ್ಚರುಗಳು ದೊಡ್ಡವು, ಹಾಗಾಗಿ 8 ಇರಲಿ. ಇನ್ನೊಂದು ಮಾತು, 4060 ಅನ್ನುವ ಒಂದೇ ಹೆಸರಿನ ಕಾರ್ಡಿಗೆ ಲ್ಯಾಪ್‌ಟಾಪಿಗೆ ತಕ್ಕಂತೆ 35 ವಾಟಿನಿಂದ 115 ವಾಟಿನವರೆಗೆ ಕರೆಂಟು ಕೊಟ್ಟಿರುತ್ತಾರೆ. ಕಡಿಮೆ ವಾಟಿನದು ಅಷ್ಟು ಓಡುವುದಿಲ್ಲ. ಎಷ್ಟು ವಾಟ್ ಅಂತ ಕೇಳಿದರೆ ಅಂಗಡಿಯವರೂ ಸ್ವಲ್ಪ ನೆಟ್ಟಗೆ ಮಾತಾಡುತ್ತಾರೆ.

ಮ್ಯಾಕ್‌ಬುಕ್ ಬಗ್ಗೆ ನೀನು ಕೇಳಿದ್ದೆ. ಪರದೆಯ ಬಣ್ಣದಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ. ಬ್ಯಾಟರಿಯ ಮೇಲೂ ಅದೇ ವೇಗ, ಮತ್ತು ಏರ್‌ಗೆ ಫ್ಯಾನಿನ ಸದ್ದೇ ಇಲ್ಲ. ಆದರೆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಮತ್ತು ಮುಂದಿನ ವರ್ಷ ನಿಮ್ಮ ಪಾಠದಲ್ಲಿರುವ 3ಡಿಎಸ್ ಮ್ಯಾಕ್ಸ್ ಸಾಫ್ಟ್‌ವೇರು ಅದರಲ್ಲಿ ಓಡುವುದೇ ಇಲ್ಲ. ಇದೊಂದು ಕಾರಣಕ್ಕೆ ಬೇಡ ಅನ್ನುತ್ತಿದ್ದೇನೆ.

ಪರದೆಯ ಮೇಲೇ ಬರೆಯುವ ಲ್ಯಾಪ್‌ಟಾಪನ್ನೂ ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಕೈ ಮೇಲೆತ್ತಿ ಬೋರ್ಡು ಬರೆದ ಈ ಭುಜ ರಾತ್ರಿ ಮಗ್ಗುಲು ಬದಲಿಸಲು ಬಿಡುವುದಿಲ್ಲ. ನೀನು ತಲೆ ಬಗ್ಗಿಸಿಕೊಂಡು ಅದರ ಮೇಲೆ ಬರೆಯುತ್ತಾ ಕೂತರೆ ಕುತ್ತಿಗೆಗೆ ಇದೇ ಗತಿ. ಈಗಿರುವ ಪೆನ್ ಟ್ಯಾಬ್ಲೆಟ್ಟೇ ಇರಲಿ, ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಮೇಲೆ ಕಣ್ಣಿನ ಎತ್ತರಕ್ಕಿಟ್ಟು ನೇರ ಕೂತು ಬರಿ. ಹೊಸ ಪರದೆ 16:10 ಅಳತೆಯದಾದರೆ ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಲ್ಲೂ ಅದೇ ಅಳತೆ ಕೂರಿಸು. ಇಲ್ಲವಾದರೆ ಕೈ ಚಕ್ರ ಬರೆದರೆ ಪರದೆಯ ಮೇಲೆ ಮೊಟ್ಟೆ ಬರುತ್ತದೆ, ನೀನು ಕೈಯನ್ನು ಬೈದುಕೊಳ್ಳುತ್ತೀ.

ದೊಡ್ಡ ಕಾರ್ಡಿನ ಲ್ಯಾಪ್‌ಟಾಪು ಭಾರ, ಬ್ಯಾಟರಿಯ ಮೇಲೆ ಅರ್ಧ ಶಕ್ತಿಯೂ ತೋರಿಸುವುದಿಲ್ಲ, ರೆಂಡರ್ ಮಾಡುವಾಗ ಫ್ಯಾನು ಜೋರಾಗಿ ಕೂಗುತ್ತದೆ. ರೂಮಿನ ಹುಡುಗಿಗೆ ನಿದ್ದೆ ಕೆಡದಂತೆ ರೆಂಡರನ್ನು ಹಗಲು ಕಾಲೇಜಿಗೆ ಹೋಗುವಾಗ ಹಚ್ಚಿ ಹೋಗು. ಹಾಸಿಗೆಯ ಮೇಲೆ ಎಂದೂ ಇಡಬೇಡ, ಕೆಳಗಿನಿಂದ ಗಾಳಿ ಎಳೆಯಬೇಕು ಅದು. ಬೇಸಿಗೆ ರಜೆಗೆ ಇಲ್ಲಿಗೆ ತಂದಾಗಂತೂ ನಮ್ಮ ತಗಡಿನ ಮಾಳಿಗೆಯ ಕೋಣೆ ಬೇಡ, ನಡುಮನೆಯಲ್ಲೇ ಕೂತು ಕೆಲಸ ಮಾಡು. ಎಸ್‌ಎಸ್‌ಡಿ 1 ಟಿಬಿ ಇರಲಿ. ಹಳೇ ಲ್ಯಾಪ್‌ಟಾಪಿನ ಡಿಸ್ಕನ್ನು ಬಿಚ್ಚಿಸಿ ಹೊರಗಿನ ಡಬ್ಬಿಯಲ್ಲಿ ಹಾಕಿಸಿಕೊಡುತ್ತೇನೆ, ವಾರಕ್ಕೊಮ್ಮೆ ಎಲ್ಲವನ್ನೂ ಅದಕ್ಕೆ ನಕಲು ಮಾಡಿಟ್ಟುಕೋ.

ಸಾಫ್ಟ್‌ವೇರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಲು ನನ್ನನ್ನು ಕೇಳಲು ಸಂಕೋಚಪಡುತ್ತೀ ಎಂದು ನಿಮ್ಮವ್ವ ಹೇಳಿದಳು. ಬೇಕಾದರೆ ಕೇಳು. ಆದರೆ ಕೃತಾ, ಬ್ಲೆಂಡರ್ ಎರಡೂ ಪುಕ್ಕಟೆ, ಎರಡೂ ಸಣ್ಣವಲ್ಲ. 2002ರಲ್ಲಿ ಬಳಸುವ ಜನರೇ ಸೇರಿ ಒಂದು ಲಕ್ಷ ಯೂರೋ ಕೂಡಿಸಿ ಬ್ಲೆಂಡರನ್ನು ಬಿಡಿಸಿಕೊಂಡು ಎಲ್ಲರದ್ದನ್ನಾಗಿ ಮಾಡಿದರು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಆ ಬೆಕ್ಕಿನ ಚಿತ್ರ ‘ಫ್ಲೋ’ವನ್ನು ಮಾಡಿದ್ದು ಅದರಲ್ಲೇ. ಹಳೆಯ ಫೋಟೋಶಾಪಿನಲ್ಲಿ ಕನ್ನಡ ಶೀರ್ಷಿಕೆ ಬರೆಯುವಾಗ ಒತ್ತಕ್ಷರ ಒಡೆದರೆ ಟೈಪಿನ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿಕೋ. ‘ಲಕ್ಕುಂಡಿ’ಯ ‘ಕ್ಕು’ ಬಿಡಿಬಿಡಿಯಾಗಿ ಬಿದ್ದರೆ ನನ್ನ ಕಣ್ಣಿಗೆ ತಡೆಯದು.

ಶುಕ್ರವಾರ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳು ತೆರೆಯುವ ಹೊತ್ತಿಗೆ ಇಬ್ಬರೂ ಅಲ್ಲಿರೋಣ. ಪೆನ್‌ಡ್ರೈವಿನಲ್ಲಿ ಒಂದು ಚಿತ್ರ ಮಾಡಿಟ್ಟಿದ್ದೇನೆ. ಕಪ್ಪಿನಿಂದ ಒಂದೊಂದೇ ಮೆಟ್ಟಿಲು ತಿಳಿಯಾಗುವ ಮೂವತ್ತು ಪಟ್ಟಿ, ಆಮೇಲೆ ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ನೀಲಿ, ಕೊನೆಗೆ ನೀನು ತೆಗೆದ ಬಾವಿಯ ಫೋಟೊ. ಅಂಗಡಿಯಲ್ಲಿ ನೈಟ್ ಲೈಟು, ವಿವಿಡ್ ಮೋಡು ಎಲ್ಲಾ ಬಂದ್ ಮಾಡಿ ಇದನ್ನು ಹಾಕಿ ನೋಡೋಣ. ಕಪ್ಪಿನ ಪಟ್ಟಿಗಳು ಒಂದರಲ್ಲೊಂದು ಕರಗಿದರೆ ಎದ್ದು ಮುಂದಿನ ಅಂಗಡಿಗೆ ಹೋಗೋಣ. ಕೊಂಡ ಮೇಲೆ ಬಣ್ಣ ಕೂರಿಸಲು ನಮ್ಮ ಅಂಗಡಿಯ ಕ್ಯಾಲಿಬ್ರೇಟರನ್ನೂ ಚೀಲದಲ್ಲಿ ಹಾಕಿಕೊಂಡಿದ್ದೇನೆ. ನಿಮ್ಮವ್ವ ಶೇಂಗಾ ಹೋಳಿಗೆ ಕಟ್ಟಿದ್ದಾಳೆ, ರೂಮಿನವಳಿಗೂ ಸೇರಿಸಿ.

ನಿನ್ನ ಕಾಲೇಜಿನ ಗುರುತಿನ ಚೀಟಿ, ಪೆನ್ ಟ್ಯಾಬ್ಲೆಟ್ ಎರಡನ್ನೂ ಮರೆಯದೆ ತಾ. ನೀನು ಅಲ್ಲೇ ಕೂತು ಒಂದು ಗೆರೆ ಎಳೆದು ‘ಅಪ್ಪಾ, ಇದು ಆಗ್ತದ’ ಅನ್ನುವವರೆಗೆ ನಾನು ದುಡ್ಡು ತೆಗೆಯುವುದಿಲ್ಲ.

ಇಂತಿ,
ನಿನ್ನ ಅಪ್ಪ