ಆಷಾಢ ಮುಗಿಯುವಾಗ ಹೊಸ ಜೋಡಿಗಳಿಗೊಂದು ತರಗತಿ ನಡೆಸಿ

ಸಂಪಾದಕರಿಗೆ ನಮಸ್ಕಾರ.

ತೀರ್ಥಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಬುಕಿಂಗ್, ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಮದುವೆಯಾಗಿ ವರ್ಷ, ಎರಡು ವರ್ಷಕ್ಕೆ ಕೆಲವು ಹುಡುಗಿಯರ ಅಪ್ಪಂದಿರು ಹಳೆಯ ಬಿಲ್ಲಿನ ನಕಲು ಕೇಳಿಕೊಂಡು ಬರುತ್ತಾರೆ. ವಿಚ್ಛೇದನದ ಕೇಸಿಗೆ ಖರ್ಚಿನ ದಾಖಲೆ ತನ್ನಿ ಅಂತ ವಕೀಲರು ಹೇಳಿರುತ್ತಾರೆ. ನಾಮಕರಣಕ್ಕೆ ದಿನ ಕೇಳಬೇಕಾದವರು ಹೀಗೆ ಬಂದು ನಿಂತರೆ ಹೊಟ್ಟೆ ಚುರ್ ಅನ್ನುತ್ತದೆ.

ಕಾರಣ ಕೇಳಿದರೆ ಜಾಸ್ತಿ ಪಾಲು ಇವೇ. ಅಡಿಕೆ ಮಾರಿದ ದುಡ್ಡು ಯಾರ ಕೈಲಿರಬೇಕು, ತವರಿಗೆ ಎಷ್ಟು ದಿನ, ಬೆಂಗಳೂರಲ್ಲಿರುವ ಹುಡುಗ ತೋಟಕ್ಕೆ ವಾಪಸ್ ಬರಬೇಕೋ ಬೇಡವೋ. ‘ಹೊಂದಿಕೊಂಡು ಹೋಗಿ’ ಅಂತ ಹಿರಿಯರು ಹೇಳುತ್ತಾರೆ. ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ, ಅಲ್ವಾ?

ಅದನ್ನು ಕಲಿಸಬಹುದು. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಹೋವರ್ಡ್ ಮಾರ್ಕ್‌ಮನ್, ಸ್ಕಾಟ್ ಸ್ಟ್ಯಾನ್ಲಿ ಮತ್ತು ಜೊತೆಗಾರರು ರೂಪಿಸಿದ ತರಬೇತಿಯಲ್ಲಿ ಒಂದು ಅಭ್ಯಾಸವಿದೆ. ಒಬ್ಬರು ತಮ್ಮ ಬೇಜಾರನ್ನು ಚಿಕ್ಕದಾಗಿ ಹೇಳಬೇಕು. ಇನ್ನೊಬ್ಬರು ವಾದ ಹೂಡದೆ, ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಆಮೇಲೆ ಸರದಿ ಬದಲು. ‘ಅಡಿಕೆ ದುಡ್ಡು ಬಂದಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ’ ಅಂತ ಅವಳು. ‘ನಿನ್ನನ್ನು ಲೆಕ್ಕಕ್ಕೇ ತಗೊಂಡಿಲ್ಲ ಅನ್ನಿಸಿತಾ?’ ಅಂತ ಅವನು. ಪರಿಹಾರದ ಮಾತು ಆಮೇಲೆ. ಸಿಟ್ಟು ಏರಿದರೆ ಅಲ್ಲಿಗೇ ನಿಲ್ಲಿಸಿ, ಮತ್ತೆ ಯಾವಾಗ ಕೂತು ಮಾತಾಡುವುದು ಅಂತ ಗೊತ್ತು ಮಾಡಿಕೊಳ್ಳಬೇಕು. ಸುಲಭ ಅನ್ನಿಸಬಹುದು. ಸಿಟ್ಟಿನ ಹೊತ್ತಲ್ಲಿ ಬಾಯಿಗೆ ಬರಬೇಕಾದರೆ ಮೊದಲೇ ರೂಢಿಯಾಗಿರಬೇಕು.

ಕ್ಯಾಥೊಲಿಕ್ ಚರ್ಚಿನವರು ಮದುವೆಗೆ ಮುಂಚೆಯೇ ತರಗತಿ ನಡೆಸುತ್ತಾರೆ. ನಮ್ಮಂಥ ಉಳಿದವರಿಗೆ ಏನಿದೆ? ಕೌಟುಂಬಿಕ ನ್ಯಾಯಾಲಯಗಳು ರಾಜಿಗೆ ಪ್ರಯತ್ನಿಸಬೇಕು ಅಂತ 1984ರ ಕಾಯ್ದೆ ಹೇಳುತ್ತದೆ, ನಿಜ. ಅಷ್ಟೊತ್ತಿಗೆ ಎರಡೂ ಮನೆಯವರು ಮುಖ ಮುಖ ನೋಡದ ಹಾಗಾಗಿರುತ್ತಾರೆ.

ಆಷಾಢದಲ್ಲಿ ನಮ್ಮ ಮಂಟಪಗಳು ಖಾಲಿ. ಹೊಸ ಸೊಸೆಯಂದಿರು ತವರಲ್ಲಿರುತ್ತಾರೆ. ಕರೆದೊಯ್ಯಲು ಅಳಿಯಂದಿರು ಬರುವ ಹೊತ್ತಿಗೆ, ಆ ವರ್ಷ ಮದುವೆಯಾದವರನ್ನೆಲ್ಲ ಒಂದು ದಿನ ಕೂರಿಸಿ ಈ ಮಾತಾಡುವ ಅಭ್ಯಾಸ ಮಾಡಿಸಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಆಪ್ತ ಸಮಾಲೋಚಕರನ್ನು ಕಳಿಸಲಿ. ಒಳಗೆ ಗಂಡ ಹೆಂಡತಿ ಮಾತ್ರ ಇರಲಿ. ಅಪ್ಪ ಅಮ್ಮ, ಅತ್ತೆ ಮಾವ ಕೂತರೆ ಮಕ್ಕಳು ಬಾಯಿ ಬಿಡುವುದಿಲ್ಲ.

ಹೊಡೆತ ಬಡಿತ ಇರುವ ಮನೆಗೆ ಇದು ಮದ್ದಲ್ಲ. ಅಲ್ಲಿ ಸುಮ್ನೆ ಸಹಿಸಿಕೊಂಡಿರಬೇಡಿ, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ತರಗತಿಯಲ್ಲೂ ಈ ಮಾತನ್ನು ಮೊದಲಿಗೇ ಹೇಳಬೇಕು.

ನಮ್ಮ ಮಂಟಪದ ಯಜಮಾನರನ್ನು ಕೇಳಿದ್ದೇನೆ. ಆ ಒಂದು ದಿನಕ್ಕೆ ಬಾಡಿಗೆ ಬೇಡ ಎಂದಿದ್ದಾರೆ. ಇಲಾಖೆಯವರು ದಿನ ಗೊತ್ತು ಮಾಡಿ ತಿಳಿಸಲಿ.

– ಕಲ್ಯಾಣ ಮಂಟಪದ ಲೆಕ್ಕ ಬರೆಯುವವಳು, ತೀರ್ಥಹಳ್ಳಿ