ಚಿಕ್ಕ ಟ್ಯಾಬ್ ಕೊಡಿಸಬೇಕು ಅಂದುಕೊಂಡಿರುವ ಪೋಷಕರಿಗೆ

ಆತ್ಮೀಯ ಪೋಷಕರೇ,

ಮೊದಲೇ ಹೇಳಿಬಿಡುತ್ತೇನೆ. ಟ್ಯಾಬ್ ತೆಗೆದುಕೊಳ್ಳಿ ಅಂತ ಶಾಲೆಯಿಂದ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. "ಮೇಡಂ ತರಲೇಬೇಕು ಅಂದಿದ್ದಾರೆ" ಅಂತ ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ಅದು ಅವರೇ ಹೊರಡಿಸಿದ ಸುತ್ತೋಲೆ, ನನ್ನದಲ್ಲ. ಆದರೆ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ನಿಮ್ಮಲ್ಲಿ ತುಂಬಾ ಜನ ಕೇಳುವುದು ಒಂದೇ: ಹತ್ತು ಹನ್ನೆರಡು ಸಾವಿರಕ್ಕೆ ಸಿಗುವ ಚಿಕ್ಕ ಟ್ಯಾಬ್ ಮಗುವಿನ ಓದಿಗೆ ಸಾಕಾಗುತ್ತಾ, ಇಲ್ಲ ದುಡ್ಡು ದಂಡವಾ? ಒಬ್ಬೊಬ್ಬರಿಗೆ ಅರ್ಧಂಬರ್ಧ ಉತ್ತರ ಕೊಡುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯೋಣ ಅನಿಸಿತು.

ಈ ಬೆಲೆಯಲ್ಲಿ ಜಾಸ್ತಿ ಕೇಳಿಬರುವ ಹೆಸರು ಎರಡು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 2023ರಲ್ಲಿ ಬಂತು, ರೆಡ್ಮಿ ಪ್ಯಾಡ್ ಎಸ್‌ಇ 4ಜಿ 2024ರ ಜುಲೈನಲ್ಲಿ ಬಂತು. ಬಂದಾಗ ಮೊದಲನೆಯದರ ವೈಫೈ ಮಾದರಿಗೆ 12,999 ರೂಪಾಯಿ, ಎರಡನೆಯದಕ್ಕೆ 10,999. ಈಗ ಅಂಗಡಿಯಲ್ಲಿ ಏನು ಹೇಳುತ್ತಾರೋ ನೀವೇ ವಿಚಾರಿಸಿ, ಹಬ್ಬದ ಹೊತ್ತಿಗೆ ಬೆಲೆ ಇಳಿಯುತ್ತೆ, ಆಮೇಲೆ ಏರುತ್ತೆ. ಎರಡರ ತೆರೆಯೂ 8.7 ಇಂಚು, ಎರಡರದ್ದೂ 1340×800 ಪಿಕ್ಸೆಲ್, ಅಂದರೆ ಅಕ್ಷರ, ಚಿತ್ರ ಮೂಡಿಸುವ ಚುಕ್ಕಿಗಳು ಉದ್ದಕ್ಕೆ 1340, ಅಗಲಕ್ಕೆ 800. ನನ್ನ ತಕರಾರು, ಮೆಚ್ಚುಗೆ ಎರಡೂ ಈ ತೆರೆಯ ಮೇಲೆಯೇ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಕೈಯಲ್ಲಿರುವ ಫೋನಿನ ತೆರೆ ಚಿಕ್ಕದು, ಆದರೆ ಅದರ ಅಕ್ಷರ ಸಾಮಾನ್ಯವಾಗಿ ಇದಕ್ಕಿಂತ ಚೂಪು. ಟ್ಯಾಬ್ ದೊಡ್ಡದು, ಚುಕ್ಕಿಗಳು ದೂರ ದೂರ, ಹಾಗಾಗಿ ಅಕ್ಷರದ ಅಂಚು ಅಷ್ಟು ಸ್ಪಷ್ಟವಿಲ್ಲ. ಇಂಗ್ಲಿಷ್ ಪಾಠ ಓದುವಾಗ ಇದು ಗೊತ್ತೇ ಆಗುವುದಿಲ್ಲ. ಕನ್ನಡಕ್ಕೆ ಬಂದರೆ ಗೊತ್ತಾಗುತ್ತೆ. ನಮ್ಮ ಪಠ್ಯಪುಸ್ತಕದ ಪಿಡಿಎಫ್ ತೆರೆದು, ಟ್ಯಾಬ್ ನೆಟ್ಟಗೆ ಹಿಡಿದು, ಇಡೀ ಪುಟ ಒಟ್ಟಿಗೆ ಕಾಣುವ ಹಾಗೆ ಇಟ್ಟು ನೋಡಿ. ತೆರೆಯ ಅಗಲ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ ಅಷ್ಟೇ, ಪುಸ್ತಕದ ಪುಟ ಅದಕ್ಕಿಂತ ಎಷ್ಟೋ ಅಗಲ. ಎಲ್ಲ ಕುಗ್ಗಿ "ರಾಷ್ಟ್ರ", "ಸ್ವಾತಂತ್ರ್ಯ" ಇಂಥ ಪದಗಳ ಒತ್ತಕ್ಷರ ಕಲಸಿಕೊಂಡು ಕೂತಿರುತ್ತೆ. ಗಣಿತದಲ್ಲಿ ತಲೆಯ ಮೇಲಿನ ಪುಟ್ಟ 2 ಯಾವುದು, 3 ಯಾವುದು ಅಂತ ಕಣ್ಣು ಕಿರಿದು ಮಾಡಬೇಕು. ಸಮಾಜ ವಿಜ್ಞಾನದ ನಕಾಶೆಯಲ್ಲಿ ನದಿಗಳ ಹೆಸರು ಓದೋಕೆ ಬೆರಳಲ್ಲಿ ಹಿಗ್ಗಿಸಲೇಬೇಕು.

ಅದೇ ಟ್ಯಾಬನ್ನು ಅಡ್ಡ ತಿರುಗಿಸಿ. ಈಗ ಅಗಲ ಸುಮಾರು ಹತ್ತೊಂಬತ್ತು ಸೆಂಟಿಮೀಟರ್, ಅಕ್ಷರ ಹೆಚ್ಚುಕಮ್ಮಿ ಪುಸ್ತಕದ ಅಳತೆಗೆ ಬರುತ್ತೆ, ಒತ್ತಕ್ಷರ ಬಿಡಿಸಿಕೊಂಡು ಕಾಣುತ್ತೆ. ಒಂದು ಸಲಕ್ಕೆ ಅರ್ಧ ಪುಟ ಮಾತ್ರ, ಕೆಳಕ್ಕೆ ಸರಿಸುತ್ತಾ ಓದಬೇಕು, ಅಷ್ಟೇ. ಮಕ್ಕಳಿಗೆ ಇದು ಎರಡೇ ದಿನದಲ್ಲಿ ರೂಢಿಯಾಗುತ್ತೆ. ನನ್ನ ವಯಸ್ಸಿನವರಿಗೆ ಕಿರಿಕಿರಿ, ಇರಲಿ.

ಪಾಠದ ವಿಡಿಯೋ ನೋಡೋಕೆ ಮಾತ್ರ ಇದು ಫೋನಿಗಿಂತ ಎಷ್ಟೋ ವಾಸಿ. ಸರ್ಕಾರದ ಕಲಿಕೆಯ ಆ್ಯಪ್ ಆದ ದೀಕ್ಷಾದಲ್ಲಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಹೊಂದುವ ಸಾಮಗ್ರಿ ಬರುತ್ತೆ, ಎಷ್ಟೋ ಪಾಠ ಡೌನ್‌ಲೋಡ್ ಮಾಡಿಟ್ಟುಕೊಂಡು ನೆಟ್ ಇಲ್ಲದಾಗಲೂ ನೋಡಬಹುದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತೆ, ಅದಕ್ಕೆ ಯಾವ ಕೋರ್ಸಿನವರಿಗೂ ದುಡ್ಡು ಕೊಡಬೇಡಿ.

ಬ್ಯಾಟರಿ ವಿಷಯದಲ್ಲಿ ರೆಡ್ಮಿ ಮುಂದೆ, 6,650 ಎಂಎಎಚ್. ಸ್ಯಾಮ್‌ಸಂಗ್‌ದು 5,100. ಸಂಜೆ ಕರೆಂಟು ಹೋಗುವ ಊರುಗಳಿಂದ ಬರುವ ಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ವೇಗದಲ್ಲಿ ಸ್ಯಾಮ್‌ಸಂಗ್ ಮುಂದೆ, ಅದರ ಹೀಲಿಯೊ ಜಿ99 ಚಿಪ್ ರೆಡ್ಮಿಯ ಜಿ85ಕ್ಕಿಂತ ಚುರುಕು. ಆದರೆ ಓದೋಕೆ ಅಷ್ಟು ವೇಗ ಬೇಕಾಗಿಲ್ಲ, ಅದು ಬೇಕಾಗುವುದು ಆಟಕ್ಕೆ. ನಿಮ್ಮ ಮಗ ಸ್ಯಾಮ್‌ಸಂಗೇ ಬೇಕು ಅಂತ ಹಟ ಹಿಡಿದರೆ ಯಾಕೆ ಅಂತ ಒಮ್ಮೆ ಕೇಳಿ ನೋಡಿ. ಸಿಮ್ ವಿಷಯ ನೀವೇ ಯೋಚಿಸಿ: ವೈಫೈ ಮಾತ್ರ ಇರುವ ಮಾದರಿ ತಂದರೆ ಪ್ರತಿ ಸಲವೂ ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಬೇಕು. ನನ್ನ ಪ್ರಕಾರ ಅದೇ ಒಳ್ಳೆಯದು, ನೆಟ್ ಯಾವಾಗ ಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತೆ.

ಬರೆಯೋಕೆ ಟ್ಯಾಬ್ ಬೇಡ. ಅಂಗಡಿಯಲ್ಲಿ ನೂರಿನ್ನೂರಕ್ಕೆ ಒಂದು ಪೆನ್ ಜೊತೆಗೆ ಕೊಡುತ್ತೇವೆ ಅಂತಾರೆ. ಅದು ಬೆರಳಿನ ಬದಲು ರಬ್ಬರ್ ತುದಿ, ಅಷ್ಟೇ. ಅಂಗೈ ತೆರೆಗೆ ತಾಗಿದರೆ ಅಲ್ಲೂ ಗೀಚುತ್ತೆ. ಎಸ್ಸೆಸ್ಸೆಲ್ಸಿಗೆ ಕೂತು ಬರೆಯುವುದು ಕಾಗದದ ಮೇಲೆ, ಕೈ ಪಳಗಬೇಕಾದದ್ದೂ ಅಲ್ಲೇ ಅಲ್ವಾ.

ಇನ್ನು ಐದಾರು ಸಾವಿರದ, ಹೆಸರೇ ಕೇಳಿರದ ಟ್ಯಾಬುಗಳು. ಡಬ್ಬಿಯ ಮೇಲೆ "8 ಜಿಬಿ ರ‍್ಯಾಮ್" ಅಂತ ದೊಡ್ಡದಾಗಿ ಇರುತ್ತೆ (ಆ್ಯಪ್ ನಡೆಯುವಾಗ ಟ್ಯಾಬ್ ಬಳಸುವ ತಾತ್ಕಾಲಿಕ ನೆನಪಿನ ಜಾಗ ಅದು), ಸಣ್ಣ ಅಕ್ಷರದಲ್ಲಿ ನೋಡಿದರೆ 4+4. ಆ ಎರಡನೇ ನಾಲ್ಕು ನಿಜವಾದ ರ‍್ಯಾಮ್ ಅಲ್ಲ, ಫೈಲ್ ಇಡುವ ಜಾಗದಿಂದಲೇ ಕಿತ್ತು ಕೊಡುವುದು, ಬಹಳ ನಿಧಾನ. 2011ರಲ್ಲಿ ಕೇಂದ್ರ ಸರ್ಕಾರ ಆಕಾಶ್ ಟ್ಯಾಬ್ ತಂದಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಏಳು ಇಂಚು, 256 ಎಂಬಿ ರ‍್ಯಾಮ್, ಬೆರಳಿಂದ ಒತ್ತಿ ಒತ್ತಿ ಹೇಳಬೇಕಾದ ತೆರೆ. ಉದ್ದೇಶ ಚೆನ್ನಾಗಿತ್ತು, ಯಂತ್ರಕ್ಕೆ ತಾಕತ್ತಿರಲಿಲ್ಲ. ಅಗ್ಗದ ಟ್ಯಾಬ್ ತರುವಾಗ ಅಗ್ಗ ಎಲ್ಲಿ ಮಾಡಿದ್ದಾರೆ ಅಂತ ನೋಡಿ. ಕ್ಯಾಮೆರಾದಲ್ಲಿ ಮಾಡಿದ್ದರೆ ಪರವಾಗಿಲ್ಲ. ತೆರೆಯಲ್ಲೋ ರ‍್ಯಾಮಿನಲ್ಲೋ ಮಾಡಿದ್ದರೆ ಬಿಟ್ಟುಬಿಡಿ.

ಹಾಗಾದರೆ ಯಾರಿಗೆ ಕೊಡಿಸಬಹುದು? ಮನೆಯಲ್ಲಿ ಒಂದೇ ಫೋನ್ ಇದ್ದು, ಅದನ್ನೂ ಅಪ್ಪ ಕೆಲಸಕ್ಕೆ ತೆಗೆದುಕೊಂಡು ಹೋಗಿ ರಾತ್ರಿ ಬರುವವರೆಗೆ ಮಗು ಕಾಯುತ್ತಿದ್ದರೆ, ಆ ಮನೆಗೆ ಚಿಕ್ಕ ಟ್ಯಾಬ್ ಸಾರ್ಥಕ, ಅಕ್ಕ ತಮ್ಮ ಇಬ್ಬರೂ ಹಂಚಿಕೊಳ್ಳಬಹುದು. ಆಗಲೇ ಎರಡು ಮೂರು ಫೋನ್ ಇರುವ ಮನೆಯಲ್ಲಿ ಇದರಿಂದ ಓದು ಜಾಸ್ತಿಯಾಗುತ್ತೆ ಅಂತ ನನಗೆ ಅನಿಸುವುದಿಲ್ಲ. ಸಾಲ ಮಾಡಿ, ಕಂತು ಕಟ್ಟಿ ತರುವ ವಸ್ತುವಂತೂ ಅಲ್ಲ. ಕನ್ನಡ ಪುಸ್ತಕ ಓದೋಕೇ ಅಂತ ತರುವವರು, ಇನ್ನೊಂದಿಷ್ಟು ಹಣ ಕೂಡುವವರೆಗೆ ತಡೆದು ಹತ್ತೋ ಹನ್ನೊಂದೋ ಇಂಚಿನದು ನೋಡಿ.

ತಂದರೆ ಬೆನ್ನಿಗೆ ಒಂದು ಗಟ್ಟಿ ಕವರ್ ಹಾಕಿಸಿ. ಗೂಗಲ್ ಫ್ಯಾಮಿಲಿ ಲಿಂಕ್ ಅಂತ ಒಂದು ಆ್ಯಪ್ ಇದೆ, ಎಷ್ಟು ಹೊತ್ತು ನಡೆಯಬೇಕು, ರಾತ್ರಿ ಯಾವಾಗ ಮುಚ್ಚಬೇಕು ಅಂತ ನಿಮ್ಮ ಫೋನಿಂದಲೇ ಹೇಳಬಹುದು. ಅದನ್ನು ಹಾಕಿಕೊಳ್ಳುವುದು ಗೊತ್ತಾಗದಿದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ, ನಮ್ಮ ಶಿಕ್ಷಕರು ಮಾಡಿಕೊಡುತ್ತಾರೆ. ಟ್ಯಾಬ್ ಜೊತೆ ನಿಮ್ಮ ಫೋನೂ ಇರಲಿ, ಮಗುವಿನ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿಕೊಂಡೇ ಬನ್ನಿ. ಶಾಲೆಗೆ ಮಾತ್ರ ಮಕ್ಕಳ ಕೈಯಲ್ಲಿ ಟ್ಯಾಬ್ ಕಳಿಸಬೇಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ