ಸಾರಿಗೆ ಆಯುಕ್ತರೇ, ಫೇಲ್ ಮಾಡಿ, ಆದರೆ ಕಾರಣ ಬರೆದು ಕೊಡಿ

ಮಾನ್ಯ ಸಾರಿಗೆ ಆಯುಕ್ತರಿಗೆ,

ಹದಿನೈದು ವರ್ಷ ತುಂಬಿದ ಬೈಕಿನ ಆರ್‌ಸಿಯನ್ನು (ನೋಂದಣಿ ಪತ್ರವನ್ನು) ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಫಾರಂ 25, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಹಸಿರು ತೆರಿಗೆಯ ರಸೀದಿ, ಕೊನೆಗೆ ಜನ ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ಗಾಡಿ. ಇದನ್ನೆಲ್ಲ ನಿಮಗೆ ಹೇಳಿಕೊಡುವ ಅಧಿಕಪ್ರಸಂಗ ನಮಗೆ ಬೇಡ. ನಿಮ್ಮ ಕಿವಿಗೆ ಬಿದ್ದಿಲ್ಲ ಅನ್ನಿಸುವುದು ಒಂದೇ ಸಂಗತಿ: ಗಾಡಿ ಫೇಲ್ ಆದರೆ ಯಾತಕ್ಕೆ ಫೇಲ್ ಎಂದು ಯಾರೂ ಬರೆದುಕೊಡುವುದಿಲ್ಲ. "ಕಂಡೀಷನ್ ಸರಿ ಇಲ್ಲ, ರೆಡಿ ಮಾಡಿಸ್ಕೊಂಡು ಬನ್ನಿ" ಅಷ್ಟೇ. ಏನನ್ನು ರೆಡಿ ಮಾಡಿಸುವುದು? ಅದು ಅವರವರ ಅದೃಷ್ಟ.

ಇತ್ತೀಚೆಗೆ ಒಂದು ಆರ್‌ಟಿಒ ಕಚೇರಿಯ ತಪಾಸಣೆ ಮೈದಾನದಲ್ಲಿ ನಡೆದದ್ದು ಕೇಳಿ. 1995ರ ಯಮಹಾ ಆರ್‌ಎಕ್ಸ್ 100. 2010, 2015, 2020ರಲ್ಲಿ ಪಾಸಾಗಿದ್ದ ಗಾಡಿ. ಈ ಸಲ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಎಂಜಿನ್ ತಿರುಗುವಾಗ) ಹೆಡ್‌ಲೈಟ್ ಮಂಕಾಗಿದೆ ಎಂದು ಬಾಯಲ್ಲೇ ಹೇಳಿ ವಾಪಸ್ ಕಳಿಸಿದರು. "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಎಂಬ ಸಲಹೆ ಬೇರೆ. ಹೊಸ ಬ್ಯಾಟರಿ ಬಂತು, ಮತ್ತೆ ಅದೇ ಮಂಕು, ಮತ್ತೆ ಫೇಲ್. ಆಗದೇ ಇರುತ್ತದೆಯೇ ಸ್ವಾಮಿ? ಆ ಬೈಕಿನ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ದೀಪಕ್ಕೆ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊ ಕಾಯಿಲಿನಿಂದ ನೇರವಾಗಿ ಎಸಿ ಕರೆಂಟ್ ಬರುತ್ತದೆ. ಎಂಜಿನ್ ನಿಧಾನ ತಿರುಗಿದರೆ ಮಂಕು, ಆಕ್ಸಿಲರೇಟರ್ ಕೊಟ್ಟರೆ ಬೆಳಕು. ಬ್ಯಾಟರಿ ಇರುವುದು ಹಾರ್ನು, ಇಂಡಿಕೇಟರುಗಳಿಗೆ. ಬೀದಿಬದಿಯ ಮೆಕ್ಯಾನಿಕ್ ಬಳಿ ಪಾನಾ ಹಿಡಿಯುವ ಹುಡುಗನಿಗೂ ಗೊತ್ತಿರುವ ವಿಷಯ ಇದು. ಕಾರಣವನ್ನು ಕಾಗದದ ಮೇಲೆ ಬರೆಯಬೇಕಾಗಿ ಬಂದಿದ್ದರೆ, ಬರೆಯುವಾಗಲಾದರೂ ಕೈ ತಡೆಯುತ್ತಿತ್ತೇನೋ.

ನಿಜವಾಗಿ ನೋಡಬೇಕಾದದ್ದು ಬೇರೆಯೇ ಇತ್ತು. ಬಲ್ಬಿನ ಹಿಂದಿರುವ ಮೂವತ್ತು ವರ್ಷದ ರಿಫ್ಲೆಕ್ಟರ್ ಹೊಳಪು ಮಾಸಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅರ್ತ್ ವಯರು ಕೂರುವ ಬೋಲ್ಟಿನ ಕೆಳಗೆ ತುಕ್ಕು ಇರುತ್ತದೆ. ಅದನ್ನು ಉಜ್ಜಿ ಲೋಹ ಕಾಣಿಸಿ, ಮತ್ತೆ ಬಿಗಿದರೆ ಅರ್ಧ ಸಮಸ್ಯೆ ಮುಗಿಯಿತು. ಬೆಳಕು ಸಾಲದೆಂದು ದೊಡ್ಡ ವ್ಯಾಟಿನ ಬಲ್ಬ್ ಹಾಕುವವರೇ ಹೆಚ್ಚು. ಕಾಯಿಲ್ ಕೊಡುವ ಕರೆಂಟ್ ಅಷ್ಟೇ ಇರುವುದರಿಂದ ದೀಪ ಇನ್ನೂ ಮಂಕಾಗುತ್ತದೆ. ಇದನ್ನು ಹೇಳಿ ಫೇಲ್ ಮಾಡಿದರೆ ನಾವು ಕೈ ಮುಗಿಯುತ್ತೇವೆ.

ಬ್ರೇಕ್ ವಿಷಯಕ್ಕೆ ಬನ್ನಿ, ಜನ ಕರೆಯುವ ಹೆಸರಲ್ಲೇ ಬ್ರೇಕ್ ಇದೆ. ಡ್ರಮ್ ಬ್ರೇಕಿನಲ್ಲಿ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತಿ ಹಿಡಿಯುವ ಭಾಗ) ಸವೆದಿದೆಯೋ ಇಲ್ಲವೋ ನೋಡಲು ಚಕ್ರ ಬಿಚ್ಚಬೇಕಿಲ್ಲ. ಬ್ರೇಕ್ ಒತ್ತಿ ಹಿಡಿದು ಕ್ಯಾಮ್ ಲಿವರ್ (ಡ್ರಮ್ಮಿನ ಹೊರಗಿದ್ದು ಒಳಗಿನ ಶೂಗಳನ್ನು ಅಗಲಿಸುವ ಕ್ಯಾಮ್ ತಿರುಗಿಸುವ ಕೈ) ನೋಡಿದರೆ ಸಾಕು. ಅದು ಕೇಬಲ್ ಅಥವಾ ರಾಡಿನೊಂದಿಗೆ 90 ಡಿಗ್ರಿ ದಾಟಿ ಹೋದರೆ ಶೂ ಮುಗಿದಿದೆ ಎಂದು ಲೆಕ್ಕ. ಲಿವರನ್ನು ಅದು ಕೂರುವ ಹಲ್ಲುಗಳಲ್ಲಿ (ಸ್ಪ್ಲೈನ್) ಒಂದು ಹಲ್ಲು ಹಿಂದೆ ಕೂರಿಸಿ ಹೊಸ ಶೂ ಇದ್ದಂತೆ ತೋರಿಸುವ ಕಳ್ಳಾಟ ಎಲ್ಲಾ ಊರಲ್ಲೂ ಇದೆ. ಅದು ಮೈದಾನದಲ್ಲಿ ಪಾಸಾಗುತ್ತದೆ, ಪ್ರಾಮಾಣಿಕನ ಹೆಡ್‌ಲೈಟ್ ಫೇಲ್ ಆಗುತ್ತದೆ! ಒಳಗೆ ಕ್ಯಾಮ್ ಒಣಗಿದ್ದರೆ ಬ್ರೇಕ್ ಬಿಟ್ಟರೂ ಶೂ ಹಿಂದೆ ಸರಿಯುವುದಿಲ್ಲ, ಡ್ರಮ್ ಬಿಸಿಯಾಗುತ್ತದೆ. ಕ್ಯಾಮಿಗೆ ಉಗುರಿನ ತುದಿಯಷ್ಟು ಗ್ರೀಸ್ ಸಾಕು. ಜಾಸ್ತಿಯಾದರೆ ಕರಗಿ ಲೈನಿಂಗಿಗೆ ಇಳಿದು ಬ್ರೇಕೇ ಹಿಡಿಯುವುದಿಲ್ಲ. ಟೈರಿನ ಲೆಕ್ಕವಂತೂ ಕೇಂದ್ರ ಮೋಟಾರು ವಾಹನ ನಿಯಮಾವಳಿಯ ನಿಯಮ 94ರಲ್ಲೇ ಇದೆ, ದ್ವಿಚಕ್ರಕ್ಕೆ ಟೈರಿನ ಗೀರಿನ ಆಳ ಕನಿಷ್ಠ 0.8 ಮಿಲಿಮೀಟರ್. ಅಳೆಯುವ ಗೇಜ್ ಹಿಡಿದ ಇನ್ಸ್‌ಪೆಕ್ಟರನ್ನು ಕಂಡವರು ಇದ್ದರೆ ಮುಂದೆ ಬರಲಿ.

ಹೊಗೆಯದೂ ಹಾಗೇ. 2000ದ ಮಾರ್ಚ್ 31ರವರೆಗೆ ತಯಾರಾದ ಬೈಕಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 4.5 ಶೇಕಡಾ, ಹೈಡ್ರೊಕಾರ್ಬನ್ 9000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಮಿತಿ.  ಸೈಲೆನ್ಸರಿನ ಬ್ಯಾಫಲ್ ಪೈಪ್ ಬಿಚ್ಚಿ ಕರಿ ಕೆರೆದು, ಏರ್‌ಫಿಲ್ಟರಿನ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ಪಂಪಿನ ಕೇಬಲ್ ಗುರುತಿಗೆ ಕೂರಿಸಿ, ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿಕೊಂಡು ಹೋದರೆ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಸುವ ಟೂ-ಸ್ಟ್ರೋಕ್ ಎಂಜಿನ್ನಿನ ಆರ್‌ಎಕ್ಸ್ ಕೂಡ, ಸರಿಯಾಗಿದ್ದರೆ, ಈ ಮಿತಿಯೊಳಗೆ ಬರುತ್ತದೆ. ಸರ್ಟಿಫಿಕೇಟ್ ಕೈಯಲ್ಲಿದ್ದರೂ "ಟೂ-ಸ್ಟ್ರೋಕ್, ಹೊಗೆ ಜಾಸ್ತಿ" ಎಂದು ಮೂಗು ಮುರಿದರೆ ಆ ಸರ್ಟಿಫಿಕೇಟಿಗೆ ಕಾಸು ಯಾಕೆ ತಗೊಂಡಿರಿ?

ನಮ್ಮವರ ತಪ್ಪೂ ಇದೆ. ಚಾಸಿಗೆ (ಗಾಡಿಯ ಚೌಕಟ್ಟಿಗೆ) ಪೌಡರ್ ಕೋಟಿಂಗ್ ಮಾಡಿಸುವಾಗ ಅದರಲ್ಲಿ ಕೊರೆದ ನಂಬರಿನ ಮೇಲೆ ಟೇಪ್ ಹಾಕಿಸದೆ ಅಂಕಿಗಳೆಲ್ಲ ತುಂಬಿಹೋಗುತ್ತವೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರಿನ ಅಚ್ಚು ಬರುವುದಿಲ್ಲ, ಎಮರಿ ಪೇಪರಲ್ಲಿ ಉಜ್ಜಿದರೆ ತಿದ್ದಿದಂತೆ ಕಾಣುತ್ತದೆ. ಪೇಂಟ್ ರಿಮೂವರ್ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ತೆಗೆಯಬೇಕು. ಸದ್ದಿನ ಸೈಲೆನ್ಸರ್, ಸೀರೆ ಗಾರ್ಡ್ ಕಿತ್ತ ಗಾಡಿ, ಹಿಂದೆ ಕೂರುವವರಿಗೆ ಹಿಡಿಕೆ ಇಲ್ಲದ ಸೀಟು ಇವನ್ನು ಮುಲಾಜಿಲ್ಲದೆ ಫೇಲ್ ಮಾಡಿ. ಸೈಲೆನ್ಸರಿಗೆ ನಿಯಮ 120, ಉಳಿದೆರಡಕ್ಕೆ ನಿಯಮ 123 ಇರುವುದೇ ಅದಕ್ಕೆ. ಬರೆದುಕೊಟ್ಟು ಫೇಲ್ ಮಾಡಿ.

ಮೋಟಾರ್‌ಸೈಕಲಿನ ನವೀಕರಣ ಶುಲ್ಕ 300 ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಮಾಡಿದರು. ಅದು ಕೇಂದ್ರದ ತೀರ್ಮಾನ, ನಿಮ್ಮನ್ನು ದೂರುವುದಿಲ್ಲ. ಆದರೆ ಎರಡು ಸಾವಿರ ಕಟ್ಟಿದವನಿಗೆ ಎರಡು ಸಾಲು ಬರೆದುಕೊಡುವುದು ನಿಮ್ಮ ಕೈಯಲ್ಲೇ ಇದೆ. ಏಜೆಂಟ್ ಹಿಡಿದು ಬಂದ ಗಾಡಿಗಳು ಸ್ಟಾರ್ಟ್ ಕೂಡ ಆಗದೆ ಪಾಸಾಗುವ ಮಾತು ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ಪತ್ರ ಉದ್ದವಾಗುತ್ತದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಅರ್ಜಿ ಹಾಕಲು ಆರ್‌ಸಿಯ ಅವಧಿ ಮುಗಿಯುವ ಮುಂಚಿನ 60 ದಿನ ಸಿಗುತ್ತದೆ. ಕಾರಣ ಗೊತ್ತಿಲ್ಲದೆ ಎರಡು ಮೂರು ಸಲ ಓಡಾಡಿದರೆ ಅದು ಕಳೆಯುತ್ತದೆ. ಅವಧಿ ಮುಗಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಹಾಗಾದರೆ ಮತ್ತೆ ತಪಾಸಣೆಗೆ ತರುವುದು ಹೇಗೆ? ಟೆಂಪೊದಲ್ಲಿ ಹೇರಿಕೊಂಡು ಬರುತ್ತಿದ್ದಾರೆ, ಹೌದು, ಓಡಲು ಯೋಗ್ಯ ಎಂದು ತೋರಿಸಲು.

ಕೇಳುವುದು ಇಷ್ಟೇ. ಏನೇನು ನೋಡುತ್ತೀರಿ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರತಿ ಮೈದಾನದ ಗೋಡೆಗೆ ಹಾಕಿಸಿ. ಫೇಲ್ ಮಾಡಿದರೆ ಭಾಗ, ನಿಯಮ, ಅಳತೆ ಬರೆದು ಸಹಿ ಹಾಕಿ ಕೊಡಿ. ಅರ್ಧ ಹಾಳೆ ಸಾಕು. ಹಾಳೆ ಇಲ್ಲವೆಂದರೆ ನಾವೇ ತರುತ್ತೇವೆ, ಪೆನ್ನೂ ತರುತ್ತೇವೆ. ಬರೆದು ಕೊಡಿ.

ಇತಿ,
ಹಳೇ ಗಾಡಿಗಳನ್ನು ಸರಿಯಾಗಿ ಇಟ್ಟುಕೊಂಡವರ ಪರವಾಗಿ ಒಬ್ಬ ನಾಗರಿಕ